ಮಸಾಲೆ ಘಮದ, ಹಣ್ಣಿನ ರುಚಿಯ ಡಚ್ ಬಿಯರ್: ಸವಿದು ಅಂಕ ಕೊಡುವುದು ಹೇಗೆ?

ಡಚ್ ಬಿಯರ್ ಅಂದ ಕೂಡಲೇ ಹೆಚ್ಚಿನವರಿಗೆ ನೆನಪಾಗುವುದು ಹಸಿರು ಬಾಟಲಿಯ ತಿಳಿ ಲಾಗರ್. ಆದರೆ ನೆದರ್‌ಲ್ಯಾಂಡ್ಸ್‌ನಲ್ಲಿ ಇನ್ನೊಂದು ಬಗೆಯ ಬಿಯರ್ ಕೂಡ ಇದೆ. ಮೂಗಿನ ಹತ್ತಿರ ತಂದರೆ ಲವಂಗ, ಕಿತ್ತಳೆ ಸಿಪ್ಪೆ, ಮಾಗಿದ ಬಾಳೆಹಣ್ಣು, ಕಾಳುಮೆಣಸು ಒಂದೊಂದಾಗಿ ಬರುತ್ತವೆ. ಕುಡಿದರೆ ಮೊದಲು ಸಿಹಿ, ಕೊನೆಗೆ ಒಣಗಿದಂಥ ಕಹಿ. ಇಂಥ ಬಿಯರನ್ನು ಫ್ರಿಜ್‌ನಿಂದ ತೆಗೆದು ಗಟಗಟ ಕುಡಿದು, "ಚೆನ್ನಾಗಿದೆ, ಸ್ವಲ್ಪ ಸ್ಟ್ರಾಂಗ್" ಅಂತ ನಾಲ್ಕು ಸ್ಟಾರ್ ಕೊಟ್ಟು ಮುಗಿಸುವವರೇ ಜಾಸ್ತಿ. ನನಗೆ ಅದು ದೊಡ್ಡ ನಷ್ಟ ಅನ್ನಿಸುತ್ತದೆ.

ಯಾಕಂದರೆ ಮಸಾಲೆ ಗುರುತಿಸುವ ಕೆಲಸ ನಮಗೆ ಹೊಸದಲ್ಲ. ಸಾರಿನ ಪುಡಿಗೆ ಮೆಂತ್ಯ ಜಾಸ್ತಿ ಆಗಿದೆಯಾ, ಪಲಾವ್‌ಗೆ ಲವಂಗ ಹೆಚ್ಚು ಬಿದ್ದಿದೆಯಾ ಅಂತ ಬಾಗಿಲಲ್ಲೇ ನಿಂತು ಹೇಳುವವರು ಪ್ರತಿ ಮನೆಯಲ್ಲೂ ಇದ್ದಾರೆ. ಅದೇ ಮೂಗನ್ನು ಬಿಯರ್ ಗ್ಲಾಸಿನ ಮೇಲೆ ಬಳಸಬೇಕು, ಅಷ್ಟೇ. ಈ ಮಾರ್ಗದರ್ಶಿಯ ಹುರುಳು ಇಷ್ಟು: ಮೊದಲು ಘಮ ಗುರುತಿಸಿ, ಅದು ಎಲ್ಲಿಂದ ಬಂತು ಅಂತ ಯೋಚಿಸಿ, ಆಮೇಲೆ ಅಂಕ ಕೊಡಿ. ಕ್ರಮ ತಪ್ಪಿದರೆ ನೀವು ಬಿಯರಿಗಲ್ಲ, ಲೇಬಲ್‌ಗೆ ಅಂಕ ಕೊಟ್ಟಂತೆ.

1. ಯಾವ ಬಾಟಲಿ ತರಬೇಕು

ಅಭ್ಯಾಸಕ್ಕೆ ನಾನು ಹೇಳುವುದು ಆಮ್‌ಸ್ಟರ್‌ಡ್ಯಾಮಿನ 'ಝಟ್ಟೆ'. ಇದನ್ನು ಮಾಡುವುದು ಬ್ರೌವರೈ ಟ್ ಐ. ಕಾಸ್ಪರ್ ಪೀಟರ್ಸನ್ ಎಂಬ ಸಂಗೀತಗಾರ 1985ರಲ್ಲಿ ಶುರು ಮಾಡಿದ ಬ್ರೂವರಿ ಇದು. ನಗರದ ಪೂರ್ವ ಭಾಗದಲ್ಲಿ, 'ದ ಗೋಯರ್' ಅನ್ನುವ ಮರದ ಗಾಳಿ ಗಿರಣಿಯ ಪಕ್ಕ, ಹಳೆಯ ಸಾರ್ವಜನಿಕ ಸ್ನಾನದ ಮನೆಯಲ್ಲಿದೆ. ಬಾಟಲಿಯ ಮೇಲೆ ಆಸ್ಟ್ರಿಚ್ ಹಕ್ಕಿಯ ಚಿತ್ರ ಕಂಡರೆ ಅದು ಇವರದ್ದೇ. ಝಟ್ಟೆ ಅವರ ಮೊದಮೊದಲ ಬಿಯರ್‌ಗಳಲ್ಲಿ ಒಂದು. ಬಗೆಯಲ್ಲಿ ಟ್ರಿಪಲ್, ಆಲ್ಕೋಹಾಲ್ ಶೇ. 8.

ಟ್ರಿಪಲ್ ಹುಟ್ಟಿದ್ದು ನೆರೆಯ ಬೆಲ್ಜಿಯಂನಲ್ಲಿ. ವೆಸ್ಟ್‌ಮಾಲ್ ಮಠದ ಸನ್ಯಾಸಿಗಳು 1934ರಲ್ಲಿ ಈ ಹೆಸರಿನ ಬಿಯರ್ ತಂದರು. ಈಗ ನಮಗೆ ಗೊತ್ತಿರುವ ರೂಪಕ್ಕೆ ಅದು ಬಂದದ್ದು 1956ರಲ್ಲಿ. ಬಣ್ಣ ಹೊನ್ನು, ಬಲ ಜೋರು, ಆದರೂ ಬಾಯಿಗೆ ಭಾರ ಅನ್ನಿಸಬಾರದು. ಇದೇ ಟ್ರಿಪಲ್‌ನ ಗುಟ್ಟು.

ಜೊತೆಗೆ ಇನ್ನೊಂದು ಬಾಟಲಿ ತನ್ನಿ: ಲಾ ಟ್ರಾಪ್ ಟ್ರಿಪಲ್. ಟಿಲ್ಬರ್ಗ್ ಹತ್ತಿರದ ಕೋನಿಂಗ್ಸ್‌ಹೂವೆನ್ ಮಠದಲ್ಲಿ 1884ರಿಂದ ಬಿಯರ್ ಮಾಡುತ್ತಿದ್ದಾರೆ. ಈ ಟ್ರಿಪಲ್‌ಗೂ ಶೇ. 8 ಆಲ್ಕೋಹಾಲ್, ಆದರೆ ಇದಕ್ಕೆ ಕೊತ್ತಂಬರಿ ಬೀಜ ಹಾಕುತ್ತಾರೆ. ಎರಡನ್ನೂ ಅಕ್ಕಪಕ್ಕ ಇಟ್ಟು ಮೂಸಿದರೆ ಕಲಿಯುವುದು ತುಂಬಾ ಇದೆ.

ನಿಜವಾಗಿಯೂ ಖಾರದ ಕಡೆ ಹೋಗಬೇಕು ಅನ್ನುವವರಿಗೆ ಆಮ್‌ಸ್ಟರ್‌ಡ್ಯಾಮಿನದೇ ಈಡಿಪಸ್ ಬ್ರೂವರಿಯ ಎರಡು ಬಿಯರ್ ಇವೆ. 'ಥಾಯ್ ಥಾಯ್' ಅನ್ನುವ ಟ್ರಿಪಲ್‌ಗೆ ಮಜ್ಜಿಗೆ ಹುಲ್ಲು, ಕೊತ್ತಂಬರಿ ಬೀಜ, ಕಿತ್ತಳೆ ಸಿಪ್ಪೆ, ಮೆಣಸಿನಕಾಯಿ ಬೀಳುತ್ತವೆ. 'ಮನ್ನೆನ್‌ಲೀಫ್ಡೆ' ಅನ್ನುವ ಸೈಸನ್‌ಗೆ (ಬೆಲ್ಜಿಯಂ ಕಡೆಯ ಇನ್ನೊಂದು ಬಗೆಯ ಬಿಯರ್) ಮಜ್ಜಿಗೆ ಹುಲ್ಲಿನ ಜೊತೆ ಸಿಚುವಾನ್ ಪೆಪ್ಪರ್. ಈ ಸಿಚುವಾನ್ ಪೆಪ್ಪರ್ ನಮ್ಮ ಕರಾವಳಿಯಲ್ಲಿ ಮೀನಿನ ಪದಾರ್ಥಕ್ಕೆ ಹಾಕುವ ಜುಮ್ಮನಕಾಯಿಯ ಹತ್ತಿರದ ಸಂಬಂಧಿ. ಕೊಂಕಣಿಯವರು ತೆಪ್ಪಳ ಅಂತಾರಲ್ಲ, ಅದೇ. ನಾಲಿಗೆ ಜುಮ್ಮೆನ್ನುವುದು ಎರಡರಲ್ಲೂ ಒಂದೇ ಥರ. ಆದರೆ ಇವು ಎರಡನೇ ಹಂತಕ್ಕೆ ಇರಲಿ. ಮೊದಲು ಝಟ್ಟೆ.

ಅಂಗಡಿಯಲ್ಲಿ ಎರಡು ವಿಷಯ ನೋಡಿ. ಬಾಟಲಿ ಕಿಟಕಿಯ ಬಿಸಿಲಿಗೆ ಇಟ್ಟದ್ದಾ? ಹಾಗಿದ್ದರೆ ಬೇಡ. ಲೇಬಲ್ ಮೇಲೆ 'ಟಿಎಚ್‌ಟಿ' ಅಕ್ಷರಗಳ ಪಕ್ಕ ಇರುವ ದಿನಾಂಕ ಯಾವುದು? ಆ ದಿನದವರೆಗೆ ಚೆನ್ನಾಗಿರುತ್ತದೆ ಅಂತ ಅರ್ಥ. ಆಮ್‌ಸ್ಟರ್‌ಡ್ಯಾಮ್‌ನಲ್ಲಿ ಇರುವವರಿಗೆ ಅರಮನೆ ಚೌಕದ ಹತ್ತಿರದ 'ದ ಬಿಯರ್‌ಕೋನಿಂಗ್' ಒಳ್ಳೆಯ ಜಾಗ. ಝಟ್ಟೆ, ಲಾ ಟ್ರಾಪ್ ಎರಡೂ ಸೂಪರ್‌ಮಾರ್ಕೆಟ್‌ಗಳಲ್ಲೂ ಸಿಗುತ್ತವೆ. ನೆದರ್‌ಲ್ಯಾಂಡ್ಸ್‌ನಲ್ಲಿ ಬಿಯರ್ ಕೊಳ್ಳಲು 18 ವರ್ಷ ತುಂಬಿರಬೇಕು.

ಒಂದು ಲೆಕ್ಕ ನೆನಪಿಡಿ. 33 ಸೆಂಟಿಲೀಟರ್ ಬಾಟಲಿಯಲ್ಲಿ ಶೇ. 8 ಅಂದರೆ ಸುಮಾರು 21 ಗ್ರಾಂ ಆಲ್ಕೋಹಾಲ್. ಡಚ್ಚರ ಲೆಕ್ಕದಲ್ಲಿ ಒಂದು ಗ್ಲಾಸ್ ಅಂದರೆ 10 ಗ್ರಾಂ. ಅಂದರೆ ಒಂದೇ ಬಾಟಲಿ ಎರಡು ಗ್ಲಾಸಿಗೆ ಸಮ. ಸವಿಯುವ ಅಭ್ಯಾಸಕ್ಕೆ ಇಬ್ಬರು ಸೇರಿ ಒಂದು ಬಾಟಲಿ ಸಾಕು. ಆಮೇಲೆ ಸೈಕಲ್ ಕೂಡ ಹತ್ತಬೇಡಿ. ಅಲ್ಲಿ ಕುಡಿದು ಸೈಕಲ್ ಹೊಡೆಯುವುದೂ ಅಪರಾಧ.

2. ಈ ಮಸಾಲೆ ಘಮ ಎಲ್ಲಿಂದ ಬರುತ್ತದೆ

ಇದನ್ನು ತಿಳಿದುಕೊಳ್ಳದೆ ಅಂಕ ಕೊಡಲು ಹೋಗಬೇಡಿ. ಬಿಯರಿನ ಮಸಾಲೆ ಗುಣಕ್ಕೆ ಮುಖ್ಯವಾಗಿ ಮೂರು ಮೂಲಗಳಿವೆ.

ಮೊದಲನೆಯದು, ಹೆಚ್ಚಿನವರಿಗೆ ಆಶ್ಚರ್ಯ ಆಗುವಂಥದ್ದು: ಯೀಸ್ಟ್. ಲವಂಗ ಹಾಕದೆಯೇ ಲವಂಗದ ಘಮ ಬರುತ್ತದೆ. ಬಾರ್ಲಿ ಮತ್ತು ಗೋಧಿಯ ಸಿಪ್ಪೆ ಭಾಗದಲ್ಲಿ ಫೆರುಲಿಕ್ ಆಸಿಡ್ ಎಂಬ ವಸ್ತು ಇರುತ್ತದೆ. ಬೆಲ್ಜಿಯಂ ಬಗೆಯ ಯೀಸ್ಟ್‌ಗಳು ಅದನ್ನು 4-ವಿನೈಲ್ ಗ್ವಾಯಕಾಲ್ ಎಂಬ ವಸ್ತುವಾಗಿ ಬದಲಿಸುತ್ತವೆ. ಲವಂಗಕ್ಕೆ ಅದರ ಘಮ ಕೊಡುವ ಯೂಜಿನಾಲ್‌ಗೂ ಇದಕ್ಕೂ ರಚನೆಯಲ್ಲಿ ನಂಟಿದೆ. ಅದಕ್ಕೇ ಮೂಗು ಎರಡನ್ನೂ ಒಂದೇ ಅಂದುಕೊಳ್ಳುತ್ತದೆ. ಲಾಗರ್ ಯೀಸ್ಟ್‌ಗೆ ಈ ಕೆಲಸ ಬರುವುದಿಲ್ಲ.

ಹಣ್ಣಿನ ಘಮವೂ ಯೀಸ್ಟ್‌ನದೇ ಕೊಡುಗೆ. ಯೀಸ್ಟ್ ಸಕ್ಕರೆ ತಿಂದು ಆಲ್ಕೋಹಾಲ್ ಮಾಡುವಾಗ ಎಸ್ಟರ್ ಅನ್ನುವ ವಸ್ತುಗಳೂ ಹುಟ್ಟುತ್ತವೆ. ಅವುಗಳಲ್ಲಿ ಐಸೋಅಮೈಲ್ ಅಸಿಟೇಟ್ ಅಂದರೆ ಬಾಳೆಹಣ್ಣಿನ ಘಮ. ಇನ್ನು ಕೆಲವು ಸೇಬು, ಪಿಯರ್, ಅನಾನಸ್ ಕಡೆ ಹೋಗುತ್ತವೆ. ಹುದುಗುವಾಗ ಬಿಸಿ ಹೆಚ್ಚಿದ್ದರೆ ಎಸ್ಟರ್ ಸಾಮಾನ್ಯವಾಗಿ ಹೆಚ್ಚು. ಲಾಗರನ್ನು 10 ಡಿಗ್ರಿ ಆಸುಪಾಸಿನಲ್ಲಿ ಹುದುಗಿಸಿದರೆ, ಟ್ರಿಪಲ್ 20 ಡಿಗ್ರಿ ದಾಟುತ್ತದೆ. ಝಟ್ಟೆಯಲ್ಲಿ ನಿಮಗೆ ಸಿಗುವ ಹಣ್ಣಿನ ಘಮ ಬಹುಪಾಲು ಇಲ್ಲಿಂದ ಬಂದದ್ದು.

ಎರಡನೆಯದು, ಬ್ರೂವರ್ ಕೈಯಾರೆ ಹಾಕಿದ ಮಸಾಲೆ. ಇಲ್ಲಿ ಕೊತ್ತಂಬರಿ ಬೀಜದ ಬಗ್ಗೆ ಒಂದು ಮಾತು ಹೇಳಲೇಬೇಕು. ನಾವು ಬೀಜವನ್ನು ಹುರಿದು ಪುಡಿ ಮಾಡುತ್ತೇವೆ. ಹಾಗಾಗಿ ನಮಗೆ ಕೊತ್ತಂಬರಿ ಅಂದರೆ ಸಾಂಬಾರ್ ಪುಡಿಯ ಆ ಹುರಿದ ಘಮ. ಬಿಯರ್ ಮಾಡುವವರು ಬೀಜವನ್ನು ಹುರಿಯದೆ ಜಜ್ಜಿ, ಕುದಿ ಮುಗಿಯುವ ಹೊತ್ತಿಗೆ ಹಾಕುವುದು ವಾಡಿಕೆ. ಹಸಿ ಬೀಜದ ಎಣ್ಣೆಯಲ್ಲಿ ಹೆಚ್ಚಿನ ಪಾಲು ಲಿನಲೂಲ್. ಅದರ ಘಮ ಹೂವು ಮತ್ತು ನಿಂಬೆ ಜಾತಿಯ ಹಣ್ಣಿನ ನಡುವೆ ಎಲ್ಲೋ ಇರುತ್ತದೆ. ಲಾ ಟ್ರಾಪ್‌ನಲ್ಲಿ ಸಾಂಬಾರ್ ಪುಡಿ ಹುಡುಕಿದರೆ ಸಿಗುವುದಿಲ್ಲ. ಕಿತ್ತಳೆ ಸಿಪ್ಪೆಯಂಥ ತಾಜಾ ಘಮ ಹುಡುಕಿ, ಸಿಗುತ್ತದೆ.

ಡಚ್ಚರಿಗೆ ಬಿಯರಿಗೆ ಗಿಡಮೂಲಿಕೆ ಹಾಕುವ ಚಾಳಿ ಹಾಪ್ಸ್‌ಗಿಂತಲೂ (ಬಿಯರಿಗೆ ಕಹಿ, ಘಮ ಕೊಡುವ ಬಳ್ಳಿಯ ಹೂವು) ಹಳೆಯದು. ಹಾಪ್ಸ್ ಬಳಕೆ ಹರಡುವ ಮುಂಚೆ 'ಗ್ರೂಟ್' ಎಂಬ ಮಿಶ್ರಣ ಹಾಕುತ್ತಿದ್ದರು, ಅದನ್ನು ಮಾರುವ ಹಕ್ಕಿನಿಂದ ಆಳುವವರಿಗೆ ಆದಾಯ ಬರುತ್ತಿತ್ತು. ಹಾರ್ಲೆಮ್ ಊರಿನ ಯೋಪನ್ ಬ್ರೂವರಿ 1407ರ ಪಾಕವಿಧಾನ ಹಿಡಿದು 'ಕೊಯ್ಟ್' ಅನ್ನುವ ಗ್ರೂಟ್ ಬಿಯರ್ ಮಾಡುತ್ತದೆ. ಹಳೆಯ ಚರ್ಚ್ ಕಟ್ಟಡದಲ್ಲಿರುವ ಅವರ ಬ್ರೂವರಿಯಲ್ಲೇ ಕೂತು ಅದನ್ನು ಸವಿಯಬಹುದು. ಆ ಊರಿಗೆ ಹೋದರೆ ತಪ್ಪಿಸಬೇಡಿ.

ಮೂರನೆಯದು ಖಾರ, ಉರಿ, ಜುಮ್ಮೆನ್ನುವಿಕೆ. ಇದು ಘಮ ಅಲ್ಲ, ರುಚಿಯೂ ಅಲ್ಲ; ಬಾಯಿಯ ನರಗಳಿಗೆ ತಟ್ಟುವ ಅನುಭವ. ಮೆಣಸಿನಕಾಯಿಯ ಕ್ಯಾಪ್ಸೈಸಿನ್ ಬಿಸಿ ಗುರುತಿಸುವ ನರಗಳನ್ನೇ ಕೆಣಕುತ್ತದೆ. ಆಲ್ಕೋಹಾಲ್ ಕೂಡ ಅದೇ ನರಗಳನ್ನು ಕೆಣಕುತ್ತದೆ. ಗ್ಯಾಸಿನ ಗುಳ್ಳೆಗಳು ಬೇರೆ ಚುಚ್ಚುತ್ತವೆ. ಹೀಗಾಗಿ ಶೇ. 8ರ ಬಿಯರಿನಲ್ಲಿ ಒಂದಿಷ್ಟು ಮೆಣಸಿನಕಾಯಿ ಇದ್ದರೂ ಜೋರಾಗಿ ಕಾಣುತ್ತದೆ. ಬರೆಯುವಾಗ ಮಸಾಲೆ ಘಮವನ್ನು ಒಂದು ಕಡೆ, ಖಾರವನ್ನು ಇನ್ನೊಂದು ಕಡೆ ಬರೆಯಿರಿ. ಎರಡನ್ನೂ ಕಲಸಿದರೆ ಅಂಕ ಕೆಡುತ್ತದೆ.

3. ಮೂಗಿಗೆ ಮೊದಲು ಪಾಠ

ಬಾಟಲಿ ತೆಗೆಯುವ ಮುಂಚೆ ಐದಾರು ಸಣ್ಣ ಬಟ್ಟಲು ಇಟ್ಟುಕೊಳ್ಳಿ. ಒಂದರಲ್ಲಿ ಎರಡು ಲವಂಗ. ಒಂದರಲ್ಲಿ ಜಜ್ಜಿದ ಹಸಿ ಕೊತ್ತಂಬರಿ ಬೀಜ. ಒಂದರಲ್ಲಿ ಜಜ್ಜಿದ ಕಾಳುಮೆಣಸು. ಒಂದರಲ್ಲಿ ಕಿತ್ತಳೆ ಸಿಪ್ಪೆಯ ಚೂರು, ಬೆರಳಲ್ಲಿ ಹಿಚುಕಿದ್ದು. ಇನ್ನೊಂದರಲ್ಲಿ ಚುಕ್ಕೆ ಬಿದ್ದ ಬಾಳೆಹಣ್ಣು. ಕೊನೆಯದರಲ್ಲಿ ಜೇನು. ಮನೆಯಲ್ಲಿ ಪಿಯರ್ ಇದ್ದರೆ ಅದೂ ಇರಲಿ.

ಕಣ್ಣು ಮುಚ್ಚಿ ಒಂದೊಂದನ್ನೂ ಮೂಸಿ, ಹೆಸರು ಬಾಯಿಬಿಟ್ಟು ಹೇಳಿ. ಆಮೇಲೆ ಮನೆಯವರಿಗೆ ಬಟ್ಟಲು ಅದಲುಬದಲು ಮಾಡಲು ಹೇಳಿ, ಮತ್ತೆ ಗುರುತಿಸಿ. ಇದು ಮಕ್ಕಳಾಟ ಅನ್ನಿಸಬಹುದು, ಆದರೆ ಕಣ್ಣಿಲ್ಲದೆ ಘಮಕ್ಕೆ ಹೆಸರು ಹಿಡಿಯುವುದು ಎಷ್ಟು ಕಷ್ಟ ಅಂತ ಆಗ ಗೊತ್ತಾಗುತ್ತದೆ. ಈ ಅಭ್ಯಾಸ ಮಾಡಿದ ಮೇಲೆ ಗ್ಲಾಸಿನಲ್ಲಿ ಲವಂಗ ಬಂದರೆ ನಿಮಗೆ ಅನುಮಾನ ಇರುವುದಿಲ್ಲ. ಮುಗಿದ ಮೇಲೆ ಬಟ್ಟಲುಗಳನ್ನು ಬೇರೆ ಕೋಣೆಗೆ ಸಾಗಿಸಿ.

ಇಂಗು ಒಗ್ಗರಣೆ ಹಾಕಿದ ಅಡುಗೆಮನೆಯಲ್ಲಿ ಕೂತು ಬಿಯರ್ ಸವಿಯಲು ಆಗುವುದಿಲ್ಲ. ಆಮ್‌ಸ್ಟರ್‌ಡ್ಯಾಮಿನ ಸಣ್ಣ ಫ್ಲ್ಯಾಟ್‌ಗಳಲ್ಲಿ ಅಡುಗೆಮನೆ, ಹಾಲ್ ಒಂದೇ ಆಗಿರುತ್ತದೆ. ಅಡುಗೆಗೆ ಮುಂಚೆಯೇ ಈ ಕೆಲಸ ಮುಗಿಸಿ. ಅಗರಬತ್ತಿ, ಸೆಂಟು, ಕೈಗೆ ಹಚ್ಚಿದ ಕ್ರೀಮ್ ಯಾವುದೂ ಬೇಡ. ಫಿಲ್ಟರ್ ಕಾಫಿ ಕುಡಿದು, ಎಲೆ ಅಡಿಕೆ ಹಾಕಿ, ಹಲ್ಲುಜ್ಜಿ ತಕ್ಷಣ ಕೂರಬೇಡಿ. ಒಂದು ಗಂಟೆ ಬಿಡಿ. ಬಾಯಿ ತೊಳೆಯಲು ನೀರು, ಉಪ್ಪು ಖಾರ ಇಲ್ಲದ ಬ್ರೆಡ್ ಸಾಕು.

4. ಗ್ಲಾಸ್, ತಂಪು, ಸುರಿಯುವ ರೀತಿ

ಗ್ಲಾಸ್ ಹೊಟ್ಟೆ ಅಗಲ, ಬಾಯಿ ಸ್ವಲ್ಪ ಕಿರಿದು ಇರಬೇಕು. ಘಮ ಒಳಗೇ ನಿಲ್ಲಲಿ ಅಂತ. ಬ್ರೂವರಿಯವರ ಗ್ಲಾಸೇ ಬೇಕೆಂದಿಲ್ಲ, ವೈನ್ ಗ್ಲಾಸ್ ಕೂಡ ನಡೆಯುತ್ತದೆ. ಸೋಪಿನ ಅಂಶ, ಎಣ್ಣೆ ಜಿಡ್ಡು ಇರಬಾರದು. ತಣ್ಣೀರಲ್ಲಿ ಚೆನ್ನಾಗಿ ತೊಳೆದು ಹಾಗೇ ಒದ್ದೆ ಗ್ಲಾಸಿಗೆ ಸುರಿಯಿರಿ. ಡಚ್ ಬಾರ್‌ಗಳಲ್ಲೂ ಸುರಿಯುವ ಮುಂಚೆ ಗ್ಲಾಸ್ ನೀರಿನಲ್ಲಿ ಅದ್ದಿ ತೆಗೆಯುತ್ತಾರೆ. ಸುರಿದ ಮೇಲೆ ಗ್ಲಾಸಿನ ಒಳಗೋಡೆಗೆ ಗುಳ್ಳೆಗಳು ಅಂಟಿ ಕೂತಿದ್ದರೆ ಗ್ಲಾಸಿನಲ್ಲಿ ಕೊಳೆ ಇದೆ ಅಂತ ತಿಳಿಯಿರಿ, ಬಿಯರನ್ನು ಬೈಯಬೇಡಿ.

ತಂಪಿನ ವಿಷಯ ಇನ್ನೂ ಮುಖ್ಯ. ಫ್ರಿಜ್ ಒಳಗೆ 4-5 ಡಿಗ್ರಿ ಇರುತ್ತದೆ. ಅಷ್ಟು ತಣ್ಣಗಿದ್ದರೆ ಘಮ ಏಳುವುದೇ ಇಲ್ಲ. ಬಾಟಲಿಯನ್ನು ಹೊರಗಿಟ್ಟು ಇಪ್ಪತ್ತು ನಿಮಿಷ ಬಿಡಿ. 8 ಡಿಗ್ರಿ ಹತ್ತಿರ ಶುರು ಮಾಡಿ, ಗ್ಲಾಸಿನಲ್ಲೇ 14 ಡಿಗ್ರಿವರೆಗೆ ಏರಲು ಬಿಡಿ. ಬೆಂಗಳೂರಿನ ಬೇಸಿಗೆಯಲ್ಲಿ ಇಪ್ಪತ್ತು ನಿಮಿಷ ಜಾಸ್ತಿ ಆಗಬಹುದು, ಹತ್ತು ಸಾಕು.

ಈ ಬಿಯರ್‌ಗಳು ಬಾಟಲಿಯೊಳಗೇ ಇನ್ನೊಮ್ಮೆ ಹುದುಗುತ್ತವೆ. ತಳದಲ್ಲಿ ಯೀಸ್ಟ್ ಕೂತಿರುತ್ತದೆ. ಹಾಗಾಗಿ ಬಾಟಲಿ ನೆಟ್ಟಗೆ ನಿಲ್ಲಿಸಿಡಬೇಕು, ಅಲ್ಲಾಡಿಸಬಾರದು. ಗ್ಲಾಸ್ ಓರೆ ಮಾಡಿ ನಿಧಾನವಾಗಿ ಸುರಿಯಿರಿ, ಅರ್ಧ ತುಂಬಿದ ಮೇಲೆ ನೆಟ್ಟಗೆ ಮಾಡಿ ನೊರೆ ಎಬ್ಬಿಸಿ. ಕೊನೆಯ ಒಂದೆರಡು ಸೆಂಟಿಮೀಟರ್ ಬಾಟಲಿಯಲ್ಲೇ ಉಳಿಸಿ. ಅದಕ್ಕೆ ಆಮೇಲೆ ಕೆಲಸ ಇದೆ.

5. ನೋಡುವುದು

ಇದಕ್ಕೆ ಅರ್ಧ ನಿಮಿಷ ಸಾಕು. ಬಿಳಿ ಕಾಗದದ ಮುಂದೆ ಹಿಡಿದು ಬಣ್ಣ ನೋಡಿ: ಟ್ರಿಪಲ್ ಅಂದರೆ ಹೊನ್ನಿನ ಬಣ್ಣ, ಸ್ವಲ್ಪ ಮಂಜು ಇದ್ದರೂ ತಪ್ಪಲ್ಲ. ನೊರೆ ಬಿಳಿಯಾಗಿ, ದಟ್ಟವಾಗಿ ಇರಬೇಕು. ಒಂದೆರಡು ನಿಮಿಷ ಆದ ಮೇಲೂ ತೆಳು ಪದರ ಉಳಿದಿದೆಯಾ, ಕುಡಿದ ಜಾಗದಲ್ಲಿ ಜಾಲರಿಯಂತೆ ಗುರುತು ಬಿಡುತ್ತದೆಯಾ ಅಂತ ಬರೆದುಕೊಳ್ಳಿ.

6. ಮೂಸುವುದು

ಅಂಕದ ಅರ್ಧ ಕಥೆ ಇಲ್ಲೇ ಮುಗಿಯುತ್ತದೆ. ನೊರೆ ಇರುವಾಗಲೇ ಶುರು ಮಾಡಿ, ಯಾಕಂದರೆ ಹಗುರ ಘಮಗಳು ಮೊದಲು ಹಾರಿಹೋಗುತ್ತವೆ.

ಮೊದಲ ಸಲ ಗ್ಲಾಸನ್ನು ಮೂಗಿನಿಂದ ಒಂದು ಗೇಣು ದೂರ ಹಿಡಿದು ಹಾಯಿಸಿ. ಆಗ ಬಂದ ಮೊದಲ ಮಾತನ್ನೇ ಬರೆಯಿರಿ, ತಿದ್ದಬೇಡಿ. "ಹಣ್ಣು" ಅಂತಲೋ "ಬ್ರೆಡ್" ಅಂತಲೋ ಇರಲಿ. ಎರಡನೇ ಸಲ ಗ್ಲಾಸ್ ನಿಧಾನ ತಿರುಗಿಸಿ, ಮೂಗು ಬಾಯಂಚಿಗೆ ತಂದು ಎರಡು ಮೂರು ಪುಟ್ಟ ಉಸಿರು ಎಳೆಯಿರಿ. ಉದ್ದ ಉಸಿರು ಬೇಡ. ಮೂಗು ಬೇಗ ದಣಿಯುತ್ತದೆ. ಮೂರನೇ ಸಲ ಅಂಗೈಯಿಂದ ಗ್ಲಾಸಿನ ಬಾಯಿ ಮುಚ್ಚಿ, ತಿರುಗಿಸಿ, ಕೈ ತೆಗೆದ ತಕ್ಷಣ ಮೂಸಿ.

ಈಗ ಪ್ರಶ್ನೆಗಳನ್ನು ದೊಡ್ಡದರಿಂದ ಚಿಕ್ಕದಕ್ಕೆ ಕೇಳುತ್ತಾ ಹೋಗಿ. ಹಣ್ಣಾ? ಹೌದಾದರೆ ನಿಂಬೆ ಜಾತಿಯದಾ, ಬಾಳೆಯ ಕಡೆಯದಾ, ಪಿಯರ್ ಕಡೆಯದಾ? ನಿಂಬೆ ಜಾತಿ ಅಂದರೆ ಯಾವುದು: ನಿಂಬೆಯ ಹುಳಿ ಘಮವಾ, ಕಿತ್ತಳೆ ಸಿಪ್ಪೆಯ ಎಣ್ಣೆಯಾ, ಹೇರಳೆಕಾಯಿಯ ಕಹಿ ಬೆರೆತ ಘಮವಾ? ನಿಮಗೆ ಹೇರಳೆಕಾಯಿ ನೆನಪಾದರೆ ಹೇರಳೆಕಾಯಿ ಅಂತಲೇ ಬರೆಯಿರಿ. ಯಾರೋ ಬರೆದ ಪಟ್ಟಿಯಲ್ಲಿ ಗ್ರೇಪ್‌ಫ್ರೂಟ್ ಇದೆ ಅಂತ ನೀವೂ ಅದನ್ನೇ ಬರೆಯಬೇಕಾಗಿಲ್ಲ. ಆರು ತಿಂಗಳ ಮೇಲೆ ಓದಿದಾಗ ಆ ಘಮ ಮತ್ತೆ ನೆನಪಾಗುವುದು ನಿಮ್ಮ ಹೆಸರಿನಿಂದಲೇ.

ಆಮೇಲೆ ಮಸಾಲೆ. ಲವಂಗ ಇದ್ದರೆ ಎಷ್ಟು? ತಿಳಿಯಾಗಿ ಹಿಂದೆ ನಿಂತಿದೆಯಾ, ಮುಂದೆ ನುಗ್ಗಿ ಎಲ್ಲವನ್ನೂ ಮುಚ್ಚಿದೆಯಾ? ಒಳ್ಳೆಯ ಟ್ರಿಪಲ್‌ನಲ್ಲಿ ಹಣ್ಣು, ಮಸಾಲೆ, ಹಾಪ್ಸ್‌ನ ಹೂವಿನ ಘಮ ಮೂರೂ ಒಂದನ್ನೊಂದು ನುಂಗುವುದಿಲ್ಲ. ಕೊನೆಗೆ ಮಾಲ್ಟ್, ಅಂದರೆ ಮೊಳಕೆ ಬರಿಸಿ ಒಣಗಿಸಿದ ಧಾನ್ಯ: ಜೇನು, ಬಿಸ್ಕತ್ತು, ಹಸಿ ಧಾನ್ಯದ ಘಮ. ಝಟ್ಟೆಯಲ್ಲಿ ತಾಜಾ ಹಣ್ಣಿನ ಹಿಂದೆ ಈ ಧಾನ್ಯದ ಘಮ ಸ್ಪಷ್ಟವಾಗಿ ಸಿಗುತ್ತದೆ. ನನಗೆ ಆ ಬಿಯರಿನಲ್ಲಿ ಹೆಚ್ಚು ಇಷ್ಟ ಆಗುವುದೂ ಅದೇ.

ಮೂಗು ಮಂಕಾದರೆ ನಿಮ್ಮ ಮೊಣಕೈ ಒಳಭಾಗ ಮೂಸಿ, ಒಂದು ನಿಮಿಷ ಸುಮ್ನೆ ಕೂತು ಮತ್ತೆ ಬನ್ನಿ.

7. ಗುಟುಕು

ಮೊದಲ ಗುಟುಕಿಗೆ ಅಂಕ ಕೊಡಬೇಡಿ, ಅದು ಬಾಯಿ ಒಗ್ಗಲಿಕ್ಕೆ. ಎರಡನೇ ಗುಟುಕನ್ನು ಬಾಯಿ ತುಂಬ ಆಡಿಸಿ. ಸಿಹಿ ನಾಲಿಗೆಯ ತುದಿಗೆ, ಕಹಿ ಹಿಂಭಾಗಕ್ಕೆ ಮಾತ್ರ ಗೊತ್ತಾಗುತ್ತದೆ ಅನ್ನುವ ಹಳೆಯ ನಕ್ಷೆ ತಪ್ಪು. ನಾಲಿಗೆಯ ಎಲ್ಲ ಕಡೆಯೂ ಎಲ್ಲ ರುಚಿ ಗೊತ್ತಾಗುತ್ತದೆ. ನುಂಗಿದ ಮೇಲೆ ಬಾಯಿ ಮುಚ್ಚಿ, ಮೂಗಿನಿಂದ ಉಸಿರು ಹೊರಗೆ ಬಿಡಿ. ಆಗ ಇನ್ನೊಂದು ಸುತ್ತು ಘಮ ಹಿಂದಿನಿಂದ ಬರುತ್ತದೆ. ಗ್ಲಾಸಿನಲ್ಲಿ ಅಡಗಿದ್ದ ಲವಂಗ, ಕಾಳುಮೆಣಸು ಹೆಚ್ಚಾಗಿ ಈ ಹೊತ್ತಿಗೆ ಕಾಣಿಸಿಕೊಳ್ಳುತ್ತವೆ. ಮೂಗು ಹಿಡಿದು ಒಂದು ಗುಟುಕು ನುಂಗಿ, ನಂತರ ಬಿಟ್ಟು ನೋಡಿ. ವ್ಯತ್ಯಾಸ ತಕ್ಷಣ ತಿಳಿಯುತ್ತದೆ.

ರುಚಿಯನ್ನು ಸಮಯದ ಸಾಲಿನಲ್ಲಿ ಬರೆಯಿರಿ: ಮೊದಲು ಏನು, ನಡುವೆ ಏನು, ಕೊನೆಗೆ ಏನು. ಟ್ರಿಪಲ್‌ನಲ್ಲಿ ಶುರುವಿಗೆ ಸಿಹಿ ಬರುತ್ತದೆ. ಆದರೆ ಕೊನೆ ಒಣಗಿದಂತಿರಬೇಕು, ಅಂದರೆ ಬಾಯಲ್ಲಿ ಸಿಹಿ ಉಳಿಯಬಾರದು. ಇದಕ್ಕೆ ಕಾರಣ ಸಕ್ಕರೆ. ಕುದಿಯುವಾಗ ಸಕ್ಕರೆ ಹಾಕಿದರೆ ಬಿಯರ್ ಸಿಹಿ ಆಗುತ್ತದೆ ಅಂದುಕೊಳ್ಳುತ್ತೇವೆ, ಆಗುವುದು ಉಲ್ಟಾ. ಯೀಸ್ಟ್ ಆ ಸಕ್ಕರೆಯನ್ನು ಪೂರ್ತಿ ತಿಂದು ಮುಗಿಸುತ್ತದೆ, ಆಲ್ಕೋಹಾಲ್ ಏರುತ್ತದೆ, ಬಿಯರಿನ ಮೈ ಹಗುರಾಗುತ್ತದೆ. ಗಂಟಲಲ್ಲಿ ಬೆಲ್ಲದ ಪಾಕದಂತೆ ಅಂಟು ಉಳಿದರೆ ಆ ಟ್ರಿಪಲ್ ಸರಿಯಾಗಿ ಹುದುಗಿಲ್ಲ ಅಂತ ಅನುಮಾನಿಸಿ.

ಬಾಯಿಯ ಅನುಭವಕ್ಕೆ ಬೇರೆ ಸಾಲು ಇಡಿ. ಗುಳ್ಳೆ ಚುರುಕಾಗಿದೆಯಾ? ಮೈ ತೆಳುವಾ, ದಪ್ಪವಾ? ಆಲ್ಕೋಹಾಲ್ ಎದೆಗೆ ಬೆಚ್ಚಗೆ ಇಳಿಯುತ್ತದೆಯಾ, ಗಂಟಲು ಸುಡುತ್ತದೆಯಾ? ಬೆಚ್ಚಗಿದ್ದರೆ ಸರಿ, ಸುಟ್ಟರೆ ತಪ್ಪು. ಥಾಯ್ ಥಾಯ್ ಥರದ ಬಿಯರ್ ಆದರೆ ಖಾರ ಎಲ್ಲಿ ಕೂರುತ್ತದೆ, ಎಷ್ಟು ಹೊತ್ತು ಇರುತ್ತದೆ, ಮುಂದಿನ ಗುಟುಕಿನ ರುಚಿ ಕೊಲ್ಲುತ್ತದೆಯಾ ಅಂತಲೂ ಬರೆಯಿರಿ. ನಾವು ಖಾರಕ್ಕೆ ಒಗ್ಗಿದವರು. "ಏನೂ ಖಾರ ಇಲ್ಲ" ಅಂತ ಅಂಕ ಕಳೆಯುವುದು ಅನ್ಯಾಯ. ಅದು ಹಣ್ಣಿನ ಜೊತೆ ಹೊಂದುತ್ತದಾ ಅನ್ನುವುದೇ ಪ್ರಶ್ನೆ.

ಗ್ಲಾಸ್ ಮುಕ್ಕಾಲು ಖಾಲಿಯಾದ ಮೇಲೆ ಉಳಿಸಿದ ಯೀಸ್ಟನ್ನು ಬಾಟಲಿಯಲ್ಲೇ ಕಲಕಿ ಸುರಿಯಿರಿ. ಬಿಯರ್ ಮಬ್ಬಾಗುತ್ತದೆ, ಬ್ರೆಡ್ ಹಿಟ್ಟಿನ ಘಮ ಏರುತ್ತದೆ, ಕಹಿಯ ಚೂಪು ಕಡಿಮೆಯಾದಂತೆ ಅನ್ನಿಸುತ್ತದೆ. ಕೆಲವರಿಗೆ ಇದೇ ಹೆಚ್ಚು ಇಷ್ಟ. ಅಂಕ ಮಾತ್ರ ತಿಳಿ ಬಿಯರಿಗೆ ಕೊಡಿ, ಯೀಸ್ಟ್ ಬೆರೆತ ಅನುಭವ ಟಿಪ್ಪಣಿಗೆ ಇರಲಿ.

8. ದೋಷ ಹಿಡಿಯುವುದು

ಒದ್ದೆ ರಟ್ಟಿನ ವಾಸನೆ ಬಂದರೆ ಬಿಯರಿಗೆ ಗಾಳಿ ತಾಗಿದೆ, ಹಳತಾಗಿದೆ. ಸುಟ್ಟ ರಬ್ಬರ್‌ಗೆ ಬೆಳ್ಳುಳ್ಳಿ ಸೇರಿದಂಥ ನಾತ ಬಂದರೆ ಬೆಳಕು ತಾಗಿದೆ. ಹಾಪ್ಸ್‌ನ ಕಹಿ ಅಂಶ ಬಿಸಿಲಿಗೆ ಒಡೆದು ಈ ನಾತ ಹುಟ್ಟುತ್ತದೆ. ಕಂದು ಬಾಟಲಿ ಇದನ್ನು ಬಹುಮಟ್ಟಿಗೆ ತಡೆಯುತ್ತದೆ, ಹಸಿರು ಬಾಟಲಿಯ ಕೈಲಿ ಅಷ್ಟು ಆಗುವುದಿಲ್ಲ. ನೇಲ್ ಪಾಲಿಶ್ ವಾಸನೆ ಇದ್ದರೆ ಹುದುಗುವಾಗ ಬಿಸಿ ಮಿತಿಮೀರಿದೆ ಅಂತ ಅನುಮಾನಿಸಬಹುದು. ಬೆಣ್ಣೆ ಘಮ, ಬೇಯಿಸಿದ ಜೋಳದ ವಾಸನೆ, ಹಸಿರು ಸೇಬಿನ ಹಸಿ ವಾಸನೆ ಇವೂ ಟ್ರಿಪಲ್‌ಗೆ ಸಲ್ಲುವುದಿಲ್ಲ. ಲವಂಗದ ಬದಲು ಆಸ್ಪತ್ರೆಯ ಬ್ಯಾಂಡೇಜ್ ನೆನಪಾದರೆ ಅದೂ ದೋಷವೇ.

ಒಂದೇ ಗುಣ ಒಂದು ಬಿಯರಿಗೆ ದೋಷ, ಇನ್ನೊಂದಕ್ಕೆ ಶೋಭೆ. ತಿಳಿ ಲಾಗರ್‌ನಲ್ಲಿ ಲವಂಗ ಬಂದರೆ ಬ್ರೂವರ್ ತಲೆ ಕೆಡಿಸಿಕೊಳ್ಳುತ್ತಾನೆ. ಟ್ರಿಪಲ್‌ನಲ್ಲಿ ಅದು ಇಲ್ಲದಿದ್ದರೆ ಏನೋ ಕಡಿಮೆ ಅನ್ನಿಸುತ್ತದೆ. ಹಾಗಾಗಿ ಅಂಕ ಕೊಡುವ ಮುಂಚೆ ಬಗೆ ಯಾವುದು ಅಂತ ತಿಳಿದಿರಲೇಬೇಕು.

9. ಅಂಕ ಹಾಕುವುದು

ಐದು ಸ್ಟಾರ್ ಪದ್ಧತಿ ಸುಲಭ, ಆದರೆ ಅದರಿಂದ ಏನೂ ತಿಳಿಯುವುದಿಲ್ಲ. ನಾನು ಬಳಸುವುದು ಬಿಯರ್ ತೀರ್ಪುಗಾರರಿಗೆ ಪ್ರಮಾಣಪತ್ರ ಕೊಡುವ ಅಮೆರಿಕದ ಬಿಜೆಸಿಪಿ ಸಂಸ್ಥೆಯ ತೀರ್ಪುಗಾರರು ಬಳಸುವ 50 ಅಂಕಗಳ ಹಾಳೆ. ಘಮಕ್ಕೆ 12, ನೋಟಕ್ಕೆ 3, ರುಚಿಗೆ 20, ಬಾಯಿಯ ಅನುಭವಕ್ಕೆ 5, ಒಟ್ಟಾರೆ ಅನಿಸಿಕೆಗೆ 10. ನೋಟಕ್ಕೆ ಮೂರೇ ಅಂಕ ಅನ್ನುವುದು ನನಗೆ ಬಹಳ ಸರಿ ಅನ್ನಿಸುತ್ತದೆ. ಅದೇ ಸಂಸ್ಥೆ ಟ್ರಿಪಲ್‌ಗೆ ಹಾಕಿರುವ ಚೌಕಟ್ಟು: ಆಲ್ಕೋಹಾಲ್ ಶೇ. 7.5ರಿಂದ 9.5, ಕಹಿಯ ಅಳತೆ 20ರಿಂದ 40.

ನಾನು ಝಟ್ಟೆಗೆ ಹಾಕುವ ಅಂಕ ಹೀಗಿದೆ, ಒಪ್ಪಲೇಬೇಕು ಅಂತೇನಿಲ್ಲ:

ಘಮ 9: ಕಿತ್ತಳೆ ಸಿಪ್ಪೆ, ಪಿಯರ್, ಹಿಂದೆ ಹಸಿ ಧಾನ್ಯ. ಲವಂಗ ತೆಳುವಾಗಿ ಇದೆ, ಇನ್ನೂ ಸ್ವಲ್ಪ ಇದ್ದಿದ್ದರೆ ಚೆನ್ನ.
ನೋಟ 3: ಮಬ್ಬು ಹೊನ್ನು, ನೊರೆ ನಿಂತಿತು.
ರುಚಿ 15: ಜೇನಿನಂಥ ಸಿಹಿಯಿಂದ ಶುರು, ನಡುವೆ ಹಣ್ಣು, ಕೊನೆ ಒಣ. ಕಹಿ ಹದ. ಗ್ಲಾಸ್ ಬೆಚ್ಚಗಾದಂತೆ ಸಿಹಿ ಒಂದು ಕೈ ಮೇಲಾಯಿತು.
ಬಾಯಿಯ ಅನುಭವ 4: ಗುಳ್ಳೆ ಚುರುಕು, ಆಲ್ಕೋಹಾಲ್ ಬೆಚ್ಚಗೆ.
ಒಟ್ಟಾರೆ 8.

ಒಟ್ಟು 39. ಆ ಹಾಳೆಯ ಪ್ರಕಾರ 38ರಿಂದ 44 ಅಂದರೆ ಅತ್ಯುತ್ತಮ, 45 ದಾಟಿದರೆ ಅಪರೂಪದ್ದು. 30ರಿಂದ 37 ತುಂಬಾ ಚೆನ್ನಾಗಿದೆ. 21ಕ್ಕಿಂತ ಕೆಳಗೆ ಹೋದರೆ ಏನೋ ದೊಡ್ಡ ತೊಂದರೆ ಇದೆ. ಪ್ರತಿ ಅಂಕದ ಪಕ್ಕ ಕಾರಣ ಬರೆದಿದ್ದೇನೆ ನೋಡಿ. ಕಾರಣ ಬರೆಯಲು ಆಗದಿದ್ದರೆ ಆ ಅಂಕ ಅಳಿಸಿ, ಇನ್ನೊಂದು ಗುಟುಕು ತಗೊಳ್ಳಿ.

'ಒಟ್ಟಾರೆ' ಅನ್ನುವ ಹತ್ತು ಅಂಕಗಳಲ್ಲಿ ನಿಮ್ಮ ಇಷ್ಟಾನಿಷ್ಟ ಬರಲಿ. ಉಳಿದ ನಲವತ್ತರಲ್ಲಿ ಬೇಡ. ಬಾಳೆಹಣ್ಣಿನ ಘಮ ನಿಮಗೆ ಹಿಡಿಸದಿರಬಹುದು, ಆದರೆ ಅದು ಅಲ್ಲಿ ಇರಬೇಕಾದ್ದೇ ಆದರೆ ಘಮದ ಅಂಕ ಕಳೆಯಬಾರದು.

10. ಕಣ್ಣು ಕಟ್ಟಿ ಒಂದು ಪರೀಕ್ಷೆ

ಝಟ್ಟೆ, ಲಾ ಟ್ರಾಪ್ ಎರಡನ್ನೂ ಒಂದೊಂದಾಗಿ ಸವಿದು ಬರೆದ ಮೇಲೆ, ಇನ್ನೊಂದು ದಿನ ಈ ಪರೀಕ್ಷೆ ಮಾಡಿ. ಒಂದೇ ಥರದ ಮೂರು ಗ್ಲಾಸ್ ತಗೊಳ್ಳಿ. ಮನೆಯವರು ನಿಮಗೆ ಕಾಣದಂತೆ ಎರಡಕ್ಕೆ ಒಂದು ಬಿಯರ್, ಮೂರನೆಯದಕ್ಕೆ ಇನ್ನೊಂದು ಬಿಯರ್ ಸುರಿಯಲಿ. ಎರಡು ಮೂರು ಗುಟುಕಿನಷ್ಟು ಸಾಕು. ಬಣ್ಣದಲ್ಲಿ ಸುಳಿವು ಸಿಗದಂತೆ ದೀಪ ಮಂದ ಮಾಡಿ. ಬೇರೆ ಯಾವುದು ಅಂತ ಮೂಗಿನಿಂದಲೇ ಹೇಳಬೇಕು. ಆಮೇಲೆ ಕೊತ್ತಂಬರಿ ಬೀಜ ಇರುವುದು ಯಾವುದರಲ್ಲಿ ಅಂತಲೂ ಹೇಳಬೇಕು. ಒಂದು ಸಲ ಸರಿ ಹೇಳಿದರೆ ಅದೃಷ್ಟ ಇರಬಹುದು, ಯಾಕಂದರೆ ಮೂರರಲ್ಲಿ ಒಂದು ಸಲ ಸುಮ್ನೆ ಊಹಿಸಿದರೂ ಸರಿಯಾಗುತ್ತದೆ. ಬೇರೆ ಬೇರೆ ದಿನ ಮಾಡಿ ನೋಡಿ, ಪ್ರತಿ ಸಲವೂ ಲೇಬಲ್ ನೋಡದೆ ಅಂಕ ಹಾಕಿ.

ನಿಮ್ಮ ಹಳೆಯ ಅಂಕಗಳನ್ನು ಈ ಪರೀಕ್ಷೆಯ ಅಂಕಗಳ ಪಕ್ಕ ಇಡಿ. ಲೇಬಲ್ ಕಾಣುವಾಗ ಹೆಚ್ಚು ಕೊಟ್ಟಿದ್ದು ಎಲ್ಲಿ ಅಂತ ತಾನಾಗಿ ಗೊತ್ತಾಗುತ್ತದೆ.

ಬರವಣಿಗೆ ಮುಗಿದ ಮೇಲೆ ಉಳಿದ ಬಿಯರಿಗೆ ಹಳೆಯ ಗೌಡಾ ಚೀಸ್ ಒಳ್ಳೆ ಜೋಡಿ. ಅದರ ಉಪ್ಪು, ಟ್ರಿಪಲ್‌ನ ಸಿಹಿ ಚೆನ್ನಾಗಿ ಹೊಂದುತ್ತವೆ. ಖಾರದ ಕೋಳಿ ಸಾರು ಬೇಡ, ಉರಿ ಎರಡು ಪಟ್ಟು ಏರಿದಂತಾಗುತ್ತದೆ.

ಸಾಧ್ಯವಾದರೆ ಅದೇ ದಿನ ಕೊಂಡ ಇನ್ನೊಂದು ಬಾಟಲಿಯನ್ನು ಕತ್ತಲೆಯ ತಂಪು ಜಾಗದಲ್ಲಿ ನಿಲ್ಲಿಸಿಡಿ. ಕುತ್ತಿಗೆಗೆ ತಾರೀಖಿನ ಚೀಟಿ ಕಟ್ಟಿ. ಆರು ತಿಂಗಳ ಮೇಲೆ, ಹಳೆಯ ಹಾಳೆ ನೋಡದೆ ಹೊಸ ಹಾಳೆ ಬರೆಯಿರಿ, ಆಮೇಲೆ ಎರಡನ್ನೂ ಪಕ್ಕ ಇಟ್ಟು ಓದಿ. ಹಾಪ್ಸ್ ಮತ್ತು ತಾಜಾ ಹಣ್ಣಿನ ಘಮ ಕುಗ್ಗಿ ಜೇನಿನ ಕಡೆ ವಾಲಿದೆಯಾ, ಲವಂಗ ಎಷ್ಟು ಉಳಿದಿದೆ, ಒದ್ದೆ ರಟ್ಟು ಇಣುಕಿದೆಯಾ ಅಂತ ಗುರುತು ಹಾಕಿ. ಅಂಕ ಐದಕ್ಕಿಂತ ಹೆಚ್ಚು ಬಿದ್ದಿದ್ದರೆ ಮುಂದಿನ ಸಲ ಆ ಬಿಯರನ್ನು ತಂದ ವಾರದಲ್ಲೇ ಕುಡಿಯಿರಿ.